ಕೆಂಪು ಅರಗಿನ ಗೂಟ

ಪುಟ್ಟಸ್ವಾಮಿ, ನಿನ್ನ ಬೈಕಿನ ಸೈಡ್ ಪ್ಯಾನೆಲ್ ಬಿದ್ದುಹೋಗಿದ್ದು ನಿನ್ನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ — ಒಂದೇ ಮಾತಿನಲ್ಲಿ ಹಾಕಿಬಿಟ್ಟೆ. ನೀನು ಆ ಮಾತನ್ನು ನಂಬಿಕೊಂಡು ಇಷ್ಟು ವರ್ಷ ಬದುಕಿದ್ದೀಯ.

ಎಲ್ಲಿಂದ ಹೇಳಲಿ? ಬೆಂಚಿನಿಂದಲೇ ಹೇಳುತ್ತೇನೆ. ನೀನು ವಿರೂಪಾಕ್ಷಿಪುರದ ಕಡೆಯ ರೈತರ ಮನೆಯವನು, ನಾನು ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯವನು. ಹೈಸ್ಕೂಲಿನ ಮೂರು ವರ್ಷ ಒಂದೇ ಬೆಂಚು. ನಿನ್ನ ಡಬ್ಬಿಯ ಮುದ್ದೆ, ಉಪ್ಪೆಸರು ನನ್ನ ಪಾಲಿಗೆ. ನಮ್ಮ ಮನೆಯ ಹಬ್ಬದ ಶಾವಿಗೆ ಪಾಯಸ ನಿನ್ನ ಪಾಲಿಗೆ. ಎಸ್ಸೆಸ್ಸೆಲ್ಸಿಯಲ್ಲಿ ನೀನು ಫಸ್ಟ್ ಕ್ಲಾಸ್, ನಾನು ಗಣಿತದಲ್ಲಿ ಡುಮ್ಕಿ. ಅಂಕಪಟ್ಟಿ ಬಂದ ದಿನ ನೀನು ಅದನ್ನು ನಿಮ್ಮ ಮನೆಗೂ ಒಯ್ಯದೆ ಮೊದಲು ನಮ್ಮ ಅಬ್ಬಾನಿಗೆ ತಂದು ತೋರಿಸಿದೆ. ಅಬ್ಬಾ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕಡೆ ನೋಡಿದರು. ಮಾರನೆಯ ದಿನದಿಂದ ನಾನು ಲೇತ್ ಮುಂದೆ ಕೂತೆ.

ಆಮೇಲೆ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಎದ್ದವು. ನೀನು ಒಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸೇರಿಕೊಂಡೆ. ಕನಕಪುರದಲ್ಲಿ ಬಸ್ಸು ಬದಲಾಯಿಸಿ ಸುಸ್ತಾಗಿ, ಎರಡು ವರ್ಷಕ್ಕೆ ಕೆಂಪು ಬಣ್ಣದ ಬೈಕ್ ತೆಗೆದುಕೊಂಡೆ. ಆ ಬೈಕನ್ನು ನೀನು ಒರೆಸುತ್ತಿದ್ದ ಚಂದ ನೋಡಿ ಜಯಮ್ಮ, "ನನ್ನ ಮೊಕಾನ ಒಂದಿನ ಹಿಂಗೆ ನೋಡಿದ್ರೆ ಸಾಕಿತ್ತು" ಅಂದಿದ್ದು ನೆನಪಿದೆಯಾ? ಹೊಸದಾಗಿ ಮದುವೆಯಾದ ಹೆಂಡತಿ, ಪಾಪ. ನಾವಿಬ್ಬರೂ ನಕ್ಕು ನಕ್ಕು ಸಾಕಾದೆವು.

ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಯಾರದೋ ಸೈಕಲ್ ತಾಗಿ ನಿನ್ನ ಬೈಕಿನ ಸೈಡ್ ಪ್ಯಾನೆಲ್ ಮೊದಲ ಸಲ ಕಳಚಿ ಬಿತ್ತು. ಆ ಪ್ಯಾನೆಲ್‌ಗೆ ಸ್ಕ್ರೂ ಇರಲಿಲ್ಲ. ಒಳಮೈಯಲ್ಲಿ ಪ್ಲಾಸ್ಟಿಕ್ಕಿನ ಮೂರು ಗೂಟ, ಗಾಡಿಯ ಮೈಯಲ್ಲಿ ರಬ್ಬರಿನ ಮೂರು ತೂತು. ಅಂಗೈಯಿಂದ ಒತ್ತಿದರೆ ಟಕ್ ಅಂತ ಕೂರುತ್ತಿತ್ತು. ಮೂರರಲ್ಲಿ ಎಂಜಿನ್ ಪಕ್ಕದ ಗೂಟ ಮುರಿದಿತ್ತು. ಹೊಸ ಪ್ಯಾನೆಲ್ ಬರುವವರೆಗೆ ಒಂದು ತಂತಿ ಸುತ್ತಿ ಕಟ್ಟಿಕೋ ಅಂದಿದ್ದ ಮೆಕ್ಯಾನಿಕ್. ನಾನು ಕೇಳಲಿಲ್ಲ.

"ಹೊಸಾ ಗಾಡಿಗೆ ತಂತಿ ಕಟ್ಟೋದೇನ್ಲಾ? ತತ್ತಾ ಇಲ್ಲಿ" ಅಂದೆ.

ಬೊಂಬೆ ಮಾಡುವ ಆಲೆ ಮರದ ಚೂರು ತೆಗೆದು, ಕಿರುಬೆರಳಿಗಿಂತ ಸಣ್ಣ ಗೂಟ ಕಡೆದೆ. ಬೈಕಿನ ಬಣ್ಣಕ್ಕೆ ಹೊಂದುವ ಕೆಂಪು ಅರಗು ಹತ್ತಿಸಿ, ಕೇದಿಗೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟೆ. ಮುರಿದ ಜಾಗಕ್ಕೆ ಅದೇ ಅರಗನ್ನು ಕಾಯಿಸಿ ಅಂಟಿಸಿದೆ. ನಮ್ಮ ಬೀದಿಯಲ್ಲಿ ಅರಗಿನಿಂದ ಅಂಟದ ವಸ್ತುವೇ ಇಲ್ಲ ಅಂತ ನಮ್ಮ ನಂಬಿಕೆ. ಅಮ್ಮಿಯ ಕನ್ನಡಕದ ಕಡ್ಡಿಗೂ ಅದೇ. ನೀನು ಫ್ಯಾಕ್ಟರಿಯವರಿಗೆಲ್ಲ ಆ ಗೂಟ ತೋರಿಸಿಕೊಂಡು ಬಂದೆ. "ಕಂಪನಿಯವ್ರೂ ಹಿಂಗೆ ಮಾಡಕಿಲ್ಲ ಅಂದ್ರು ಕಣ್ಲಾ ನಯಾಜ" ಅಂದೆ. ನಾನು ಎಷ್ಟು ಉಬ್ಬಿಹೋದೆ ಅಂದರೆ — ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ದಿನವೂ ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ತಿಕ್ಕಾಟದ ಬಿಸಿಗೇ ಅದು ಕರಗುವುದನ್ನು ನೋಡುತ್ತ ಅನ್ನ ತಿನ್ನುವವನು ನಾನು. ಎಂಜಿನ್ ಪಕ್ಕ ಬಿಸಿ ಇರುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲ. ಇದು ಬರೀ ದಡ್ಡತನ. ಇಷ್ಟೇ ಆಗಿದ್ದರೆ ನಿನಗೆ ಅವತ್ತೇ ಹೇಳಿ, ಒಂದು ಟೀ ಕುಡಿದು ಮುಗಿಸುತ್ತಿದ್ದೆ.

ಆ ಸೋಮವಾರ ಬೆಳಿಗ್ಗೆ ನೀನು ನಮ್ಮ ಬೊಂಬೆ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಪರ್ಮನೆಂಟ್ ಮಾಡುವವರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿತ್ತು. ಆ ವಾರದೊಳಗೆ ಮೂಲ ಅಂಕಪಟ್ಟಿ ತೋರಿಸಬೇಕಿತ್ತು. ಜೇಬಿನಲ್ಲಿಟ್ಟರೆ ಬೆವರಿಗೆ ಒದ್ದೆಯಾಗುತ್ತದೆ ಅಂತ ನೀನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪ್ಯಾನೆಲ್ ಹಿಂದೆ ಇಟ್ಟುಕೊಂಡಿದ್ದೆ. ಅಬ್ಬಾನಿಗೆ ಇನ್ನೊಮ್ಮೆ ತೋರಿಸಬೇಕು ಅಂತ ಪ್ಯಾನೆಲ್ ಕಳಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದೆ. ನನ್ನ ಹೆಬ್ಬೆರಳು ಗೂಟಕ್ಕೆ ತಾಗಿತು. ಅದು ಅಲ್ಲಾಡಿತು. ಬೆರಳಿಗೆ ಒಸಿ ಕೆಂಪು ಅಂಟಿತು.

ಹೊರಗೆ ಬಂದು ನೀನು ಕೇಳಿದೆ: "ಗೂಟ ಬಿಗಿಯಾಗೈತೇನ್ಲಾ? ಒಳಗೆ ಮಾರ್ಕ್ಸ್ ಕಾರ್ಡ್ ಮಡಗ್ತಾ ಇವ್ನಿ."

"ಬಿಗಿಯಾಗೈತೆ, ಹೋಗ್ಲಾ" ಅಂದೆ.

ತಂತಿ ಕಟ್ಟಲು ಐದು ನಿಮಿಷ ಸಾಕಿತ್ತು. ಆದರೆ ಅಷ್ಟು ಹೊಗಳಿಸಿಕೊಂಡ ಕೆಲಸಕ್ಕೆ ನಾನೇ ತಂತಿ ಕಟ್ಟುವುದೇ? ಭಾನುವಾರ ಸದ್ದಿಲ್ಲದೆ ಸರಿಮಾಡಿದರಾಯಿತು, ಅಲ್ಲಿಯವರೆಗೆ ಉಳಿದೆರಡು ಗೂಟ ತಡೆದುಕೊಳ್ಳುತ್ತವೆ ಅಂದುಕೊಂಡೆ. ನೀನು ಕವರ್ ಇಟ್ಟು, ಪ್ಯಾನೆಲ್ ಹೊಂದಿಸಿ, ಅಂಗೈಯಿಂದ ಒತ್ತಿದೆ. ಟಕ್. ಟಕ್. ಟಕ್. ಮೂರೂ ಸದ್ದು ನಾನು ಕೇಳಿಸಿಕೊಂಡೆ.

ಮಧ್ಯಾಹ್ನ ನೀನು ವಾಪಸ್ ಬಂದಾಗ ನಿನ್ನ ಮುಖ ನೋಡಲಾಗಲಿಲ್ಲ. ಹಾರೋಹಳ್ಳಿಯ ಗೇಟಿನಲ್ಲಿ ಇಳಿದಾಗ ಪ್ಯಾನೆಲ್ಲೂ ಇರಲಿಲ್ಲ, ಕವರೂ ಇರಲಿಲ್ಲ. ದಾರಿಯುದ್ದಕ್ಕೂ ಹುಡುಕಿಕೊಂಡು ಬಂದಿದ್ದೆ. ಅಮ್ಮಿ ನಿನ್ನನ್ನು ನೀರು ಕುಡಿಯಲು ಒಳಗೆ ಕರೆದರು. ನಾನು ಗಾಡಿಯ ಪಕ್ಕ ಬಗ್ಗಿ ನೋಡಿದೆ. ಪ್ಯಾನೆಲ್ ಹೋಗಿತ್ತು, ಗೂಟ ಹೋಗಿರಲಿಲ್ಲ. ಅರಗು ಕರಗಿ ಅಂಟು ಬಿಟ್ಟು, ಧೂಳು ಮೆತ್ತಿಕೊಂಡು, ರಬ್ಬರಿನ ತೂತಿನಲ್ಲೇ ಕೂತಿತ್ತು. ಗಾಬರಿಯಲ್ಲಿ ನೀನು ಅದನ್ನು ಗಮನಿಸಿರಲಿಲ್ಲ.

ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಯೋಚನೆ ಮಾಡಿ ಹಾಕಿಕೊಂಡೆನೋ, ಕೈ ತಾನಾಗಿ — ಇಲ್ಲ, ಹಾಗೆ ಬರೆಯಬಾರದು. ನೀನು ಇನ್ನೂ ಒಳಗೇ ಇದ್ದೀಯಾ ಅಂತ ಬಾಗಿಲ ಕಡೆ ನೋಡಿ, ಆಮೇಲೇ ಕಿತ್ತೆ.

ನೀನು ಹೊರಗೆ ಬಂದೆ. ಆಗ ಹೇಳಿದೆ: "ಕಾರ್ಡ್ ಇಟ್ಮೇಲೆ ನೀನು ಸರ್ಯಾಗಿ ಒತ್ತಿಲ್ಲ ಕಣ್ಲಾ."

ನೀನು ನಿನ್ನ ಅಂಗೈಯನ್ನೇ ನೋಡಿಕೊಂಡೆ. "ಆತುರದಲ್ಲಿದ್ದೆ. ಅಂಗೇ ಇರ್ಬೇಕು" ಅಂದೆ.

ಸಂಜೆಯವರೆಗೆ ಕನಕಪುರದ ರಸ್ತೆಯ ಎರಡು ಬದಿಯಲ್ಲೂ ಹುಡುಕಿದೆವು. ಗಾಡಿಯ ಹಿಂದೆ ಕೂತಿದ್ದ ನನ್ನ ಜೇಬಿನಲ್ಲಿ ಆ ಗೂಟ ತೊಡೆಗೆ ಒತ್ತುತ್ತಿತ್ತು. ವಾಪಸ್ ಬರುವಾಗ ನೀನು ಹೇಳಿದ್ದು ಇದು: "ಬೇಜಾರು ಮಾಡ್ಕಬ್ಯಾಡ ನಯಾಜ, ಅಷ್ಟು ಚಂದಾಗಿ ಮಾಡ್ಕೊಟ್ಟಿದ್ದೆ, ಅದನ್ನೂ ಕಳೆದ್ಬುಟ್ಟೆ." ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಬೇಕಾದವನು ನಾನು, ನೀನೇ ನನ್ನನ್ನು ಸಮಾಧಾನ ಮಾಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಅಂಕಪಟ್ಟಿಯ ಎರಡನೇ ಪ್ರತಿ ಕೈಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ನಿನ್ನ ಜಾಗಕ್ಕೆ ಬೇರೆಯವರು ಸೇರಿದ್ದರು. ಮತ್ತೆ ನಾಲ್ಕು ವರ್ಷ ಕಾಂಟ್ರ್ಯಾಕ್ಟ್‌ನಲ್ಲೇ ದುಡಿದು, ಕೊನೆಗೆ ಬಿಟ್ಟು ಬಂದು ಹಿಪ್ಪುನೇರಳೆ ಹಾಕಿದೆ, ರೇಷ್ಮೆ ಹುಳು ಮೇಯಿಸಿದೆ. ಚೆನ್ನಾಗಿಯೇ ಬದುಕಿದ್ದೀಯ, ನಿಜ. ಆದರೆ ಅದನ್ನು ನನ್ನ ಸಮಾಧಾನಕ್ಕೆ ಬಳಸಿಕೊಳ್ಳುವ ಹಕ್ಕು ನನಗಿಲ್ಲ. ನಿಮ್ಮಪ್ಪ ಸಾಯುವವರೆಗೂ ನಿನ್ನನ್ನು ಅಸಡ್ಡೆಯವನು ಅಂದರು. ಜಯಮ್ಮ ಇವತ್ತಿಗೂ ಸಂತೆಯ ಚೀಲ ನಿನ್ನ ಕೈಗೆ ಕೊಡುವುದಿಲ್ಲ. ನೀನೇ ಮದುವೆ ಮನೆಗಳಲ್ಲಿ ಆ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತೀಯ. ನಾನೂ ಪಕ್ಕದಲ್ಲಿ ಕೂತು ನಗುತ್ತೇನೆ.

ಹೋದ ವಾರ ನಿನ್ನ ಮಗ ಹೊಸ ಬೈಕ್ ತಂದು ನಮ್ಮ ಅಂಗಡಿ ಮುಂದೆ ನಿಲ್ಲಿಸಿದನಲ್ಲ. ನೀನು ಇಳಿದವನೇ ಅದರ ಪ್ಯಾನೆಲ್ಲನ್ನು ಅಂಗೈಯಿಂದ ಮೂರು ಸಲ ಒತ್ತಿದೆ. ಅಂಕಪಟ್ಟಿ ಕಳೆದ ದಿನದಿಂದ ನಿನಗೆ ಅದೊಂದು ಅಭ್ಯಾಸ. ಯಾರ ಗಾಡಿಯಾದರೂ ಬಿಡುವುದಿಲ್ಲ.

"ಅಪ್ಪಾ, ಇದುಕ್ಕೆ ಬೋಲ್ಟ್ ಹಾಕವ್ರೆ, ಒತ್ತೋದು ಬ್ಯಾಡ" ಅಂದ ಅವನು.

"ನಂದೊಂದು ಅಸಡ್ಡೆ ಕೈ ಕಣಪ್ಪ. ನಿಂಗೆ ಅದು ಬರ್ಬಾರ್ದು" ಅಂದೆ ನೀನು, ನಗುತ್ತ.

ಅವನು ನಗಲಿಲ್ಲ, ನಿನ್ನ ಕೈಯನ್ನು ನೋಡಿದ. ಅಲ್ಲಿ ನಿಲ್ಲಲಾಗದೆ ನಾನು ಒಳಗೆ ಹೋದೆ. ಚಹಾ ತರಲು ಹೋದೆ ಅಂತ ನೀನು ಅಂದುಕೊಂಡಿರಬೇಕು.

ಆ ಗೂಟ ಇನ್ನೂ ಇದೆ. ಮಣಿಗಳ ಡಬ್ಬಿಯ ತಳದಲ್ಲಿದೆ. ಅರಗು ಒಂದು ಕಡೆ ಇಳಿದು ಗಟ್ಟಿಯಾಗಿದೆ, ಧೂಳು ಹಾಗೇ ಇದೆ. ಎಸೆಯಲು ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ.

ಭಾನುವಾರ ಬರುತ್ತೇನೆ. ನಿನ್ನೊಬ್ಬನನ್ನೇ ಬದಿಗೆ ಕರೆದು ಹೇಳುವುದಿಲ್ಲ. ಜಯಮ್ಮನ ಮುಂದೆ, ನಿನ್ನ ಮಗನ ಮುಂದೆ ಹೇಳುತ್ತೇನೆ. ಈ ಕಾಗದವನ್ನು ಅವರ ಮುಂದೆಯೇ ಓದುತ್ತೇನೆ, ಬಾಯಿ ತಪ್ಪಿ ಸುಳ್ಳು ಸೇರಿಕೊಳ್ಳದಿರಲಿ ಅಂತ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀಯ, ಊಟಕ್ಕೂ ಕೂರಿಸುತ್ತೀಯ, ಅದು ನನಗೆ ಗೊತ್ತು. ಓದಿ ಮುಗಿಸಿ, ಗೂಟವನ್ನು ನಿನ್ನ ಅಂಗೈಯಲ್ಲಿ ಇಟ್ಟು ಇಷ್ಟು ಮಾತ್ರ ಹೇಳುತ್ತೇನೆ: ಮೂರು ಸಲ ಟಕ್ ಅಂದಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಅವತ್ತು ನೀನು ಸರಿಯಾಗಿಯೇ ಒತ್ತಿದ್ದೆ, ಪುಟ್ಟಸ್ವಾಮಿ.