ಬಿಸಿಲು ಆಗದ ಮಗಳು

ಜಾವಳಿ ಸುತ್ತಿನ ಕಾಫಿ ತೋಟಗಳಲ್ಲಿ ನೆರಳುಮರದ ಕೊಂಬೆ ಸವರಲು ನಿಂಗಯ್ಯನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎನ್ನುತ್ತಿದ್ದರು. ಕಾಫಿ ಹೂ ಬಿಡಬೇಕಾದರೆ ಗಿಡಕ್ಕೆ ಬೆಳಕು ಬೇಕು. ಮರ ಹತ್ತಿ, ಕೊಂಬೆ ಕಡಿದು, ಆ ಬೆಳಕನ್ನು ಒಳಗೆ ಬಿಡುವುದೇ ಅವನ ಕೆಲಸ.

ಅಕ್ಕನ ಮಗಳು ಅಂಜನಮ್ಮನನ್ನೇ ಅವನು ಮದುವೆಯಾದ. ಮನೆ ಹುಡುಗಿ ಮನೆಯಲ್ಲೇ ಉಳಿದಳೆಂದು ನೆಂಟರೆಲ್ಲ ಹಿಗ್ಗಿದರು. ಮಗಳು ಭವ್ಯಾ ಅಂಬೆಗಾಲಿಡುವ ಹೊತ್ತಿಗೆ ಕೆನ್ನೆ, ಮೂಗಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳೆದ್ದವು. ಬಿಸಿಲಿಗೆ ಬಂದರೆ ಕಣ್ಣಲ್ಲಿ ನೀರು. ದೃಷ್ಟಿ ತೆಗೆದದ್ದೂ ಆಯಿತು, ಹರಕೆ ಹೊತ್ತದ್ದೂ ಆಯಿತು. ಅಂಜನಮ್ಮನಿಗೆ ಕಾಫಿ ಒಣಗಿಸುವ ಕಣದಲ್ಲಿ ಕೆಲಸ. ಅಲ್ಲಿ ಸುಡು ಬಿಸಿಲು. ಹಾಗಾಗಿ ನಿಂಗಯ್ಯ ಮಗುವನ್ನು ತನ್ನ ಜೊತೆ ತೋಟಕ್ಕೆ ಎತ್ತಿಕೊಂಡು ಹೋಗತೊಡಗಿದ. ತೋಟದಲ್ಲಿ ನೆರಳಿಗೇನು ಬರ!

ಎಡವಟ್ಟಾದದ್ದು ಅಲ್ಲೇ. ತೋಟದ ನೆಲ ಸದಾ ತೇವ, ಮಗುವಿಗೆ ಶೀತವಾದರೆ ಎಂದು ಅವನಿಗೆ ಹೆದರಿಕೆ. ಗೋಣಿ ಹಾಸಿ ಅವಳನ್ನು ಕೂರಿಸಿ, ಮರ ಹತ್ತಿ ಮೊದಲು ಅವಳ ನೆತ್ತಿಯ ಮೇಲಿನ ಕೊಂಬೆಯನ್ನೇ ಕಡಿಯುತ್ತಿದ್ದ. "ಒಂಚೂರು ಬೆಳಕು ಬೀಳ್ಲಿ ಕೂಸೇ, ಬೆಚ್ಚಗಿರುತ್ತೆ" ಅನ್ನುತ್ತಿದ್ದ. ಆ ಕಿಂಡಿಯಿಂದ ಮಗಳೂ ಕಾಣುತ್ತಿದ್ದಳು. ಕೂಗಿದರೆ ಕಣ್ಣು ಕಿರಿದು ಮಾಡಿ, ಮುಖವೆತ್ತಿ ನಗುತ್ತಿದ್ದಳು. ಆ ನಗು ನೋಡುವ ಆಸೆಗೆ ಅವನು ಇನ್ನೂ ಒಂದು ಕೊಂಬೆ ಕಡಿಯುತ್ತಿದ್ದ.

ಶಾಲೆಗೆ ಸೇರಿಸುವ ಹೊತ್ತಿಗೆ ಹುಡುಗಿಯ ಚರ್ಮ ಒಣಗಿ ಒರಟಾಗಿತ್ತು. ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳಿ ಮಚ್ಚೆ, ತುಟಿ ತುಂಬ ಬಿರುಕು. ಜೀವಮಾನವಿಡೀ ಕಣದಲ್ಲಿ ದುಡಿದ ಮುದುಕಿಯ ಮುಖ ಆ ಪುಟ್ಟ ಮೈಗೆ ಬಂದಿತ್ತು. ಮೂಗಿನ ಪಕ್ಕ ಎದ್ದ ಗಂಟು ಮಾತ್ರ ಏನು ಹಚ್ಚಿದರೂ ಮಾಯಲಿಲ್ಲ. ಮಂಗಳೂರಿನಲ್ಲಿ ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಿದರು. ಕಾಯಿಲೆಯ ಉದ್ದನೆಯ ಹೆಸರು ನಿಂಗಯ್ಯನ ನಾಲಿಗೆಗೆ ಒಗ್ಗಲಿಲ್ಲ.

"ಬಿಸಿಲು ಎಲ್ಲರ ಚರ್ಮವನ್ನೂ ಒಳಗೆ ಹಾಳು ಮಾಡುತ್ತೆ," ಎಂದರು ಡಾಕ್ಟರಮ್ಮ. "ನಮ್ಮ ಮೈ ಅದನ್ನ ಸರಿ ಮಾಡ್ಕೊಳ್ಳುತ್ತೆ. ಇವಳ ಮೈಗೆ ಹುಟ್ಟಿನಿಂದಲೇ ಆ ಶಕ್ತಿ ಇಲ್ಲ. ಹಾಳಾದದ್ದು ಹಾಳಾಗೇ ಉಳಿದು, ಈಗ ಕ್ಯಾನ್ಸರ್ ಆಗಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಇದು ಬರೋದು ಹೆಚ್ಚು."

"ನಾನು ನೆರಳಲ್ಲೇ ಇಟ್ಟಿದ್ದೆ, ಮೇಡಂ."

"ಮರದ ನೆರಳು ಸಾಲಲ್ಲಪ್ಪ. ಮೋಡದ ದಿನದ ಬೆಳಕೂ ಇವಳಿಗೆ ಆಗಲ್ಲ."

ಕಡಿದ ಕೊಂಬೆಗಳ ವಿಷಯ ಅವನು ಬಾಯಿಬಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಆಮೇಲೆ ಮರ ಹತ್ತಲೂ ಇಲ್ಲ. ಮಗಳಿಗೆ ಶೀತವಾಗದಿರಲೆಂದು ಬಯಸಿದವನಿಗೆ ಇಂಥ ಶಿಕ್ಷೆ ಬರೆದವನು ಎಲ್ಲಾದರೂ ಸಿಕ್ಕರೆ ಕೊರಳಪಟ್ಟಿ ಹಿಡಿದು ಕೇಳಬೇಕು.

ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಅವರ ಲೈನ್ ಮನೆಯ ಕಿಟಕಿಗಳಿಗೆ ಕಂಬಳಿ ಬಿತ್ತು. ಭವ್ಯಾ ಹೊರಗೆ ಬರುತ್ತಿದ್ದುದು ಕತ್ತಲಾದ ಮೇಲೆಯೇ. ಒಂದು ಗಂಟು ತೆಗೆಸಿದರೆ ಇನ್ನೊಂದು ಏಳುತ್ತಿತ್ತು. ಒಂದು ಕಣ್ಣೂ ಹೋಯಿತು. "ಕಾಫಿ ಹೂ ಬಿಟ್ಟಾಗ ತೋಟ ಹಗಲು ಹ್ಯಾಗೆ ಕಾಣುತ್ತೆ ಅಪ್ಪ?" ಎಂದು ಅವಳು ಕೇಳಿದಾಗ ನಿಂಗಯ್ಯ ಒಂದು ರೆಂಬೆ ಹೂ ತಂದು ಕೊಟ್ಟ. ಅದಕ್ಕಿಂತ ಹೆಚ್ಚಿನದು ಅವನ ಕೈಲಾಗಲಿಲ್ಲ.

ಹತ್ತು ವರ್ಷ ತುಂಬಿದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಅವಳು ತೀರಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಗುಂಡಿ ತೋಡಿ ಆಗಿತ್ತು. ನಿಂಗಯ್ಯ ಮಾತ್ರ ಬಾಗಿಲಿಗೆ ಅಡ್ಡ ಕೂತಿದ್ದ. ಲೈನಿನ ಹಿರಿಯ ಗುರುವಯ್ಯ ಹೆಗಲು ಮುಟ್ಟಿದ.

"ಏಳು ಮಾರಾಯ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು."

"ಇನ್ನೂ ಬಿಸಿಲಿದೆ ದೊಡ್ಡಪ್ಪ. ಸ್ವಲ್ಪ ಇಳೀಲಿ."

ಗೋಡೆಗೊರಗಿದ್ದ ಅಂಜನಮ್ಮ ಎದ್ದು ಬಂದು ಗಂಡನ ಪಕ್ಕ ಕೂತಳು.

"ಮಾವ, ಎತ್ಕಳಿ. ಇನ್ನು ಬಿಸಿಲು ಅವಳಿಗೆ ಏನೂ ಮಾಡಲ್ಲ."

ಅವನು ಮಗಳನ್ನು ಎತ್ತಿಕೊಂಡು ಹೊಸಿಲು ದಾಟಿದ. ಹಾದಿಯುದ್ದಕ್ಕೂ ಬೆನ್ನು ಬಗ್ಗಿಸಿ, ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ನಡೆದ.