ಹೆಸರಿಲ್ಲದ ಚೀಟಿ

ವಾರವೆಲ್ಲ ಬೀದರ್, ಔರಾದ್ ಶಾಲೆಗಳಿಗೆ ಬಸ್ಸಿನಲ್ಲಿ ಓಡಾಡುವ ಆಪ್ತಸಲಹೆಗಾರ್ತಿ ಗುರುವಾರ ಮಾತ್ರ ತಮ್ಮೂರು ಭಾಲ್ಕಿಯಲ್ಲಿರುವ ನಮ್ಮ ಶಾಲೆಗೆ ಬರುತ್ತಿದ್ದರು. ಎರಡು ಕುರ್ಚಿಗಳನ್ನು ಕಿಟಕಿಯ ಕಡೆಗೆ ಪಕ್ಕಪಕ್ಕ ಇಡುವರು. ಎದುರು ಕೂತರೆ ಮಕ್ಕಳು ಬಾಯಿ ಬಿಡುವುದಿಲ್ಲವಂತೆ. ಮೊದಲು ಗಣಿತದ ಟೀಚರಾಗಿದ್ದಾಗ ಕಂಡುಕೊಂಡದ್ದು. ಬಂದ ಮಕ್ಕಳಿಗೆಲ್ಲ ಒಂದೇ ಮಾತು: "ಕುಂದ್ರು, ಅವಸರ ಏನಿಲ್ಲ."

ಬಾಯಲ್ಲಿ ಹೇಳಲಾಗದ್ದನ್ನು ಹೆಸರಿಲ್ಲದೆ ಬರೆದು ಹಾಕಲು ಬಾಗಿಲಲ್ಲಿ ಡಬ್ಬಿ ಇಟ್ಟಿದ್ದರು. ಬರೆದವರು ಯಾರೆಂದು ಎಂದೂ ಕೇಳುವುದಿಲ್ಲವೆಂದು ಪ್ರಾರ್ಥನೆಯ ವೇಳೆ ಮಾತು ಕೊಟ್ಟಿದ್ದರು.

ಒಂದು ಗುರುವಾರ ನಾನು ಪಾಠ ಮುಗಿಸಿ ಅವರ ಕೋಣೆಗೆ ಹೋದಾಗ ಚೀಟಿಯೊಂದನ್ನು ಹಿಡಿದು ಕೂತಿದ್ದರು. 'ನಮ್ಮ ಮನ್ಯಾಗ ನನ್ನ ಮಾತು ಕೇಳೋರು ಯಾರೂ ಇಲ್ಲ' ಎಂದಿತ್ತು.

"ನಮ್ಮ ಹುಡುಗಿ ಅಕ್ಷರ ರೀ ಇದು," ಅಂದರು. ಅವರ ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ.

"ಮತ್ತ ಮನಿಗಿ ಹೋಗಿ ಕೇಳ್ರಲ್ಲ!" ನನಗೆ ಸಿಟ್ಟೇ ಬಂದಿತ್ತು.

"ಹ್ಯಾಂಗ ಕೇಳ್ಲಿರಿ? ಕೇಳಂಗಿಲ್ಲಂತ ಎಲ್ಲಾರ ಮುಂದ ಹೇಳೇನಿ. ಅಕಿನೂ ಅಲ್ಲೇ ಸಾಲಿನ್ಯಾಗ ನಿಂತಿದ್ಳು."

ಆಮೇಲಿನ ಗುರುವಾರಗಳಲ್ಲಿ ಕೊನೆಯ ಗಂಟೆ ಹೊಡೆದ ಮೇಲೂ ಅವರು ಪಕ್ಕದ ಕುರ್ಚಿ ಖಾಲಿ ಬಿಟ್ಟು ಕಾಯುತ್ತ ಕೂತಿರುತ್ತಿದ್ದರು. ಮಗಳು ಗೆಳತಿಯರೊಂದಿಗೆ ಕಿಟಕಿಯ ಮುಂದೆಯೇ ಹಾದುಹೋಗುತ್ತಿದ್ದಳು. ಅವಳು ಮರೆಯಾದ ಮೇಲೆ ಇವರು ಕೋಣೆಗೆ ಬೀಗ ಹಾಕಿ, ಅದೇ ದಾರಿಯಲ್ಲಿ, ಅದೇ ಮನೆಗೆ ಹೊರಡುತ್ತಿದ್ದರು.