ಕಬಡ್ಡಿ ಬಂತು, ಮಗ್ಗಿ ಬರಲಿಲ್ಲ

ನಮ್ಮ ಕಡೆ ಕಬಡ್ಡಿ ಆಡುವಾಗ ಯಾರಾದ್ರೂ ತಲಿಗೆ ಪೆಟ್ಟು ತಿಂದು ಬಿದ್ರ ಪರೀಕ್ಷಾ ಒಂದ. ಮಾರಿಗೆ ನೀರು ಗೊಜ್ಜಿ "ಕಬಡ್ಡಿ ಕಬಡ್ಡಿ ಅನ್ನು" ಅಂತಾರ. ಉಸಿರು ಕಡೀದಂಗ ಅಂದ್ರ ಮುಗೀತು, ಎದ್ದು ಆಡಬೇಕು.

ನಾ ಹತ್ತನೇ ಕ್ಲಾಸಿನಾಗ ಇದ್ದಾಗ ಸಿಂದಗಿಯೊಳಗ ತಾಲೂಕು ಪಂದ್ಯ. ಎದುರಿನ ಹುಡುಗಿ ಮೊಣಕಾಲು ನನ್ನ ತಲಿಗೆ ಬಡೀತು, ಕಣ್ಣಿಗೆ ಕತ್ತಲಿ ಬಂತು. ಆಟದ ಸರ್ ಕೇಳಿದ್ರು, ನಾ ಒಂದ ಉಸಿರಿನಾಗ ಅಂದೆ. "ಹುಲಿ ಐತಿ ಇದು!" ಅಂದ್ರು. ಆಡಿದೆ, ಗೆದ್ವಿ.

ಮರುದಿನದಿಂದ ತಲಿ ಸಿಡಿಯಾಕತ್ತಿತ್ತು, ಓದಾಕ ಕುಂತ್ರ ಅಕ್ಷರ ಹರಿದಾಡಾಕತ್ತಿದ್ವು. ಓದಿದ ಸಾಲನ್ನ ಮತ್ತ ಮತ್ತ ಓದಿದ್ರೂ ತಲ್ಯಾಗ ಏನೂ ನಿಲ್ತಿದ್ದಿಲ್ಲ. ಗಣಿತದಾಗ ಡುಮ್ಕಿ ಹೊಡೆದೆ. ಅಪ್ಪ ಬೆಂಕಿಯಾದ. "ಆಟದ ಹುಚ್ಚು ನೆತ್ತಿಗೇರೇತಿ. ಹತ್ತನೇತ್ತ ಫೇಲಾದ್ರ ಸಾಲಿ ಬಂದ್!" ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ಲು. ಅದರ ಚಟಪಟ ಸದ್ದಿಗೆ ತಲಿ ಇನ್ನಷ್ಟು ಸಿಡೀತು, ನಾ ಚೀರಿದೆ. "ಎಷ್ಟ್ ದೃಷ್ಟಿ ಆಗಿತ್ತ ನೋಡವಾ ನನ್ನ ಕೂಸಿಗೆ!" ಅಂತ ಅತ್ಲು. ಪಾಪ, ಆಕಿಗೇನ್ ಗೊತ್ತಿತ್ತು?

ಒಂದಿನ ಗಣಿತದ ಅಕ್ಕೋರು ಕೇಳಿದ್ರು, "ಏಳೆಂಟ್ಲೆ ಎಷ್ಟವಾ?" ಸಣ್ಣಾಕಿದ್ದಾಗ ಕಲ್ತ ಮಗ್ಗಿ ಅದು. ಬಾಯಿಗೆ ಬರಲೇ ಇಲ್ಲ. ಕ್ಲಾಸೆಲ್ಲಾ ನಕ್ಕಿತು. ಅಕ್ಕೋರು ನಗಲಿಲ್ಲ. ಕಿಟಕಿ ಬೆಳಕಿಗೆ ನಾ ಕಣ್ಣು ಕಿವುಚೂದು ನೋಡಿ, "ಎಲ್ಲ್ಯರ ಬಿದ್ದಿಯೇನ?" ಅಂದ್ರು. ಅವರು ಹಟ ಹಿಡಿದದ್ದಕ್ಕ ಅಪ್ಪ ನನ್ನ ವಿಜಯಪುರಕ್ಕ ಕರಕೊಂಡು ಹೋದ. ಮಿದುಳಿಗೆ ಪೆಟ್ಟಾಗೇತಿ, ಆಟ ಬ್ಯಾಡ, ಸದ್ಯ ಓದೂ ಕಡಿಮಿ ಮಾಡಸ್ರಿ ಅಂದ್ರು ಡಾಕ್ಟರು. ತಿರುಗಿ ಬರೂವಾಗ ಬಸ್ಸಿನಾಗ ಅಪ್ಪ ನನ್ನ ಮಾರಿಗೆ ಬಿಸಲು ಬೀಳದಂಗ ಟಾವೆಲ್ ಹಿಡಕೊಂಡು ಕುಂತಿದ್ದ.

ಆಮ್ಯಾಲ ಅಕ್ಕೋರು ಲೆಕ್ಕ ಬಾಯಿಲೇ ಹೇಳಿಕೊಟ್ರು, ನಾ ಕಣ್ಣು ಮುಚ್ಚಿ ಕೇಳಿದೆ. ಅಂತೂ ಪಾಸಾದೆ.

ಈಗ ನಾನ ಇಂಡಿ ತಾಲೂಕಿನ ಸಾಲ್ಯಾಗ ಆಟದ ಅಕ್ಕೋರು. ಮೊನ್ನೆ ಮುದ್ದೇಬಿಹಾಳದಾಗ ಫೈನಲ್ಲು, ಒಂದ ಪಾಯಿಂಟ್ ಬೇಕಿತ್ತು. ನಮ್ಮ ಹುಡುಗಿ ತಲಿ ಬಡಿಸಿಕೊಂಡು ಬಿದ್ಲು. ನಾ ಓಡಿ ಹೋಗೂದ್ರಾಗ ಎದ್ದು ಕುಂತು, ಯಾರೂ ಕೇಳದಿದ್ರೂ, "ಕಬಡ್ಡಿ ಕಬಡ್ಡಿ" ಅನ್ನಾಕತ್ತಿದ್ಲು.

"ಅದು ಬ್ಯಾಡ ಕೂಸ. ಏಳೆಂಟ್ಲೆ ಎಷ್ಟು?"

ಆಕಿ ನನ್ನ ಮಾರಿ ನೋಡಿದ್ಲು, "ಏಳೆಂಟ್ಲೆ... ಏಳೆಂಟ್ಲೆ..." ಅಂದು ನನ್ನ ಕೈ ಹಿಡಕೊಂಡ್ಲು. "ಅಕ್ಕೋರ, ನನ್ನ ಹೊರಗ ಕಳಸಬ್ಯಾಡ್ರಿ."

ಆಕೀನ್ನ ಎತ್ತಿಕೊಂಡು ಹೊರಗ ಬಂದೆ. ಸೋತ್ವಿ.